ಕಾರಿನ ಹಿಂದಿನ ಗಾಜಿಗೆ ಬೆಳ್ಳಿಯ ತೇಪೆ: ಡಿಫಾಗರ್ ರಿಪೇರಿ ಕಿಟ್ ಬಳಸಿ ನೋಡಿದ ಮೇಲೆ

ಮಡಿಕೇರಿಯಲ್ಲಿ ಮನೆ ಮಾಡಿಕೊಂಡು, ವಾರಕ್ಕೆರಡು ಸಲವಾದರೂ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರಿನ ಕಡೆಗೆ ಹೋಗಿ ಬರಬೇಕಾದವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಹಿಂದಿನ ಗಾಜು ಎಷ್ಟು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ನಾಲ್ಕು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಚಪ್ಪಲಿ, ಕಿಟಕಿ ಇಳಿಸುವಂತಿಲ್ಲ. ಮುಂದಿನ ಗಾಜಿಗೆ ಡ್ಯಾಶ್‌ಬೋರ್ಡಿನಿಂದ ಬರುವ ಗಾಳಿಯಾದರೂ ಇದೆ, ಹಿಂದಿನ ಗಾಜನ್ನು ಕಾಯುವುದಕ್ಕೆ ಇರುವುದು ಡಿಫಾಗರ್, ಎಂದರೆ ವಿದ್ಯುತ್ತಿನಿಂದ ಬಿಸಿಯಾಗಿ ಗಾಜಿನ ಮಬ್ಬನ್ನು ಕರಗಿಸುವ ಆ ಕಂದು ಬಣ್ಣದ ಅಡ್ಡಗೆರೆಗಳು ಮಾತ್ರ. ನನ್ನದು 2010ರ ಮಾದರಿಯ ಹ್ಯಾಚ್‌ಬ್ಯಾಕ್ ಕಾರು, ಬೆಂಗಳೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರ ಗಾಜಿನಲ್ಲಿರುವ 12 ಗೆರೆಗಳಲ್ಲಿ ಮೂರು ಸತ್ತಿದ್ದವು, ಅದೂ ನಡುಮಧ್ಯದಲ್ಲಿ, ಕನ್ನಡಿಯಲ್ಲಿ ನೋಡುವಾಗ ಕಣ್ಣು ನೇರವಾಗಿ ಹೋಗುವ ಜಾಗದಲ್ಲಿಯೇ. ಸ್ವಿಚ್ ಒತ್ತಿದರೆ ಮೇಲೆ ಮತ್ತು ಕೆಳಗೆ ಗಾಜು ತಿಳಿಯಾಗುತ್ತಿತ್ತು, ನಡುವೆ ಮಾತ್ರ ಅಂಗೈ ಅಗಲದ ಮಬ್ಬಿನ ಪಟ್ಟಿಯೊಂದು ಹಾಗೆಯೇ ಉಳಿಯುತ್ತಿತ್ತು. ಹಿಂದೆ ಬರುವ ಲಾರಿಯ ದೀಪಗಳು ಆ ಪಟ್ಟಿಯೊಳಗೆ ಹೊಕ್ಕು ಕರಗಿಹೋಗುತ್ತಿದ್ದವು; ಲಾರಿ ಎಷ್ಟು ಹತ್ತಿರವಿದೆ ಎಂಬುದು ಅದರ ಹಾರ್ನ್ ಕೇಳಿದ ಮೇಲೆಯೇ ಗೊತ್ತಾಗುತ್ತಿತ್ತು.

ಗೆರೆಗಳು ಹೇಗೆ ಕಡಿದವು ಎಂಬುದನ್ನು ಗಾಜೇ ಹೇಳುತ್ತಿತ್ತು. ಒಳಗಿನಿಂದ ಟಾರ್ಚ್ ಹಿಡಿದು ನೋಡಿದರೆ ಬ್ಲೇಡಿನ ಗೀರುಗಳು ಓರೆಯಾಗಿ, ಒಂದರ ಪಕ್ಕ ಒಂದು, ಕೈ ಬೀಸಿದ ದಿಕ್ಕಿನಲ್ಲಿಯೇ ಇದ್ದವು. ಕಾರಿನ ಗಾಜುಗಳಿಗೆ ಸನ್ ಫಿಲ್ಮ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಆದೇಶ ಕೊಟ್ಟದ್ದು, ಆಮೇಲೆ ಊರೂರಿನಲ್ಲಿ ಜನ ಅವಸರದಿಂದ ಫಿಲ್ಮ್ ಕೀಳಿಸಿದ್ದು ಹಲವರಿಗೆ ನೆನಪಿರಬಹುದು. ಪಕ್ಕದ ಗಾಜುಗಳಿಂದ ಫಿಲ್ಮ್ ಕಿತ್ತರೆ ಹೋಗುವುದೇನೂ ಇಲ್ಲ. ಹಿಂದಿನ ಗಾಜಿನಲ್ಲಿ ಮಾತ್ರ ಅದು ಡಿಫಾಗರ್ ಗೆರೆಗಳ ಮೇಲೆಯೇ ಅಂಟಿಕೊಂಡಿರುತ್ತದೆ. ವರ್ಷಗಟ್ಟಲೆ ಬಿಸಿಲು ಕುಡಿದು ಗಟ್ಟಿಯಾದ ಗೋಂದನ್ನು ಬ್ಲೇಡಿನಿಂದ ಕೆರೆಯುವವನಿಗೆ ಗೆರೆ ಯಾವುದು, ಗೋಂದು ಯಾವುದು ಎಂಬ ಭೇದ ಕಾಣುವುದಿಲ್ಲ. ನನ್ನ ಕಾರಿನ ಹಿಂದಿನ ಯಜಮಾನರನ್ನು ಫೋನಿನಲ್ಲಿ ಕೇಳಿದಾಗ, ಆ ವರ್ಷವೇ ಫಿಲ್ಮ್ ತೆಗೆಸಿದ್ದಾಗಿಯೂ, ಬೆಂಗಳೂರಿನಲ್ಲಿ ಆ ಸ್ವಿಚ್ಚನ್ನು ತಾವು ಒತ್ತಿದ್ದೇ ಇಲ್ಲವೆಂದೂ ಹೇಳಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಬಯಲುಸೀಮೆಯ ಕಾರಿಗೆ ಡಿಫಾಗರ್ ಎಂಬುದು ಮದುವೆಮನೆಯಲ್ಲಿ ಕೊಟ್ಟ ಬೆಳ್ಳಿ ಕುಂಕುಮದ ಬಟ್ಟಲಿನ ಹಾಗೆ, ಇದೆ ಎಂಬ ಸಮಾಧಾನಕ್ಕಷ್ಟೇ.

ಮೊದಲು ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಎಲೆಕ್ಟ್ರಿಷಿಯನ್ ಗಾಜಿನ ಮೇಲೆ ಬೆರಳಾಡಿಸಿ, "ಸರ್, ಇದಕ್ಕೆ ರಿಪೇರಿ ಅಂತ ಇಲ್ಲ, ಗ್ಲಾಸೇ ಬದಲಾಯಿಸಬೇಕು" ಎಂದರು. ಗಾಜು, ಬೀಡಿಂಗ್, ಕೂಲಿ ಎಲ್ಲ ಸೇರಿ 9,500 ರೂಪಾಯಿ ಎಂದು ಅಂದಾಜು ಹೇಳಿದರು. ಗಾಜು ಮೈಸೂರಿನಿಂದ ಬರಬೇಕು, ಮಳೆಗಾಲದಲ್ಲಿ ಕೂರಿಸಿದ ಗಾಜಿನ ಅಂಚಿನಲ್ಲಿ ನೀರು ಸೋರಿದರೆ ತಮ್ಮನ್ನು ಕೇಳಬಾರದು ಎಂಬ ಮಾತೂ ಜೊತೆಗೆ ಬಂತು. ಒಂದು ಬಿರುಕೂ ಇಲ್ಲದ ಗಾಜನ್ನು ಮೂರು ಗೆರೆಗಳಿಗಾಗಿ ಎಸೆಯುವುದು ಮನಸ್ಸಿಗೆ ಒಗ್ಗಲಿಲ್ಲ. ಆಗ ಆನ್‌ಲೈನಿನಲ್ಲಿ ತರಿಸಿದ್ದು ಈ ಕಿಟ್. ಇಂಥ ಕಿಟ್‌ಗಳನ್ನು ಒಂದಕ್ಕಿಂತ ಹೆಚ್ಚು ಕಂಪನಿಗಳು ಮಾಡುತ್ತವೆ, ಬೆಳ್ಳಿಯದ್ದಾದರೆ ಒಳಗಿರುವ ಸರಕು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಬ್ರ್ಯಾಂಡಿನ ಹೆಸರಿಗಿಂತ ಈ ಬಗೆಯ ಸರಕಿನ ಗುಣದೋಷಗಳನ್ನೇ ಇಲ್ಲಿ ಬರೆಯುತ್ತೇನೆ. ನಾನು ತರಿಸಿದ್ದು ಎರಡು: ಒಂದು 1,150 ರೂಪಾಯಿಯ ಹೊರದೇಶದ ಕಿಟ್, ಇನ್ನೊಂದು 240 ರೂಪಾಯಿಯ ಅಗ್ಗದ ಬಾಟಲಿ.

ಕಿಟ್ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಗೆರೆ ಎಂದರೇನು ಎಂಬುದನ್ನು ಸ್ವಲ್ಪ ತಿಳಿದಿರಬೇಕು. ಬಹಳ ಜನ ಅದನ್ನು ಗಾಜಿನೊಳಗೆ ಹುದುಗಿಸಿದ ತಂತಿ ಎಂದುಕೊಂಡಿದ್ದಾರೆ, ನಾನೂ ಹಾಗೆಯೇ ಅಂದುಕೊಂಡಿದ್ದೆ. ಅದು ತಂತಿಯಲ್ಲ, ಮುದ್ರಣ. ಬೆಳ್ಳಿಯ ಪುಡಿ ಮತ್ತು ಗಾಜಿನ ಪುಡಿ ಕಲಸಿದ ಲೇಪವನ್ನು, ಲಗ್ನಪತ್ರಿಕೆಯ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ರೀತಿಯಲ್ಲಿಯೇ, ಗಾಜಿನ ಒಳಮೈಯ ಮೇಲೆ ಅಚ್ಚು ಹಾಕುತ್ತಾರೆ. ಗಾಜನ್ನು ಟೆಂಪರ್ ಮಾಡಲು, ಎಂದರೆ ಗಟ್ಟಿಗೊಳಿಸಲು, 600 ಡಿಗ್ರಿಗೂ ಮೇಲೆ ಕಾಯಿಸುವಾಗ ಆ ಲೇಪ ಗಾಜಿಗೆ ಬೆಸೆದುಕೊಳ್ಳುತ್ತದೆ. ಎಡಬಲದ ಅಂಚುಗಳಲ್ಲಿ ಅಗಲವಾದ ಎರಡು ನಿಲುವುಪಟ್ಟಿಗಳಿರುತ್ತವೆ. ಒಂದಕ್ಕೆ ಬ್ಯಾಟರಿಯ ಪಾಸಿಟಿವ್, ಇನ್ನೊಂದಕ್ಕೆ ಬಾಡಿ ಅರ್ತ್, ಎಂದರೆ ಕಾರಿನ ಲೋಹದ ಮೈ. ಅಡ್ಡಗೆರೆಗಳೆಲ್ಲ ಏಣಿಯ ಮೆಟ್ಟಿಲುಗಳಂತೆ ಈ ಎರಡರ ನಡುವೆ ಹರಡಿರುತ್ತವೆ. ಪ್ರತಿ ಗೆರೆಗೂ ತನ್ನದೇ ದಾರಿ ಇರುವುದರಿಂದ ಒಂದು ಕಡಿದರೆ ಅದೊಂದೇ ಸಾಯುತ್ತದೆ, ಉಳಿದವು ಕೆಲಸ ಮಾಡುತ್ತಲೇ ಇರುತ್ತವೆ. ಇಡೀ ಗಾಜೇ ತಿಳಿಯಾಗದಿದ್ದರೆ ದೋಷ ಗೆರೆಯಲ್ಲಿಲ್ಲ. ಫ್ಯೂಸ್, ರಿಲೇ, ಸ್ವಿಚ್, ಅಂಚಿನಲ್ಲಿ ವೈರು ಸಿಕ್ಕಿಸುವ ಟ್ಯಾಬ್, ಇಲ್ಲವೇ ಡಿಕ್ಕಿಯ ಬಾಗಿಲಿನ ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ಮಡಿಚಿ ಮಡಿಚಿ ತುಂಡಾದ ವೈರು, ಇವುಗಳಲ್ಲಿ ಯಾವುದಾದರೊಂದರಲ್ಲಿದೆ. ಅಂಥವರು ಈ ಕಿಟ್ ಕೊಂಡರೆ ಹಣ ದಂಡ.

ದುಬಾರಿ ಕಿಟ್‌ನ ಪೊಟ್ಟಣ ಬಿಡಿಸಿದಾಗ ಮೊದಲು ಆದದ್ದು ನಿರಾಸೆ. ಉಗುರುಬಣ್ಣದ ಶೀಶೆಗಿಂತಲೂ ಚಿಕ್ಕದೊಂದು ಬಾಟಲಿ, ಅದರಲ್ಲಿ ಒಂದೂವರೆ ಮಿಲಿಲೀಟರಿನಷ್ಟು ಬೂದುಬಣ್ಣದ ದ್ರವ. ಮುಚ್ಚಳಕ್ಕೇ ಅಂಟಿದ ಕುಂಚ. ನಡುವೆ ಸೀಳು ಇರುವ ಒಂದು ಅಂಟುಪಟ್ಟಿ. ಪುಟ್ಟ ಅಕ್ಷರಗಳ ಇಂಗ್ಲಿಷ್ ಸೂಚನೆಯ ಚೀಟಿ. ಸಾವಿರ ಚಿಲ್ಲರೆ ರೂಪಾಯಿಗೆ ಇಷ್ಟೇನಾ ಎಂದು ಮಗಳು ನಕ್ಕಳು. ದ್ರವದಲ್ಲಿರುವುದು ನಿಜವಾದ ಬೆಳ್ಳಿಯ ನುಣ್ಣನೆ ಚಕ್ಕೆಗಳು, ಅಂಟು ಮತ್ತು ಬೇಗ ಆರುವ ದ್ರಾವಕ. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತ್ಯಂತ ಸಲೀಸಾಗಿ ಹರಿಯಗೊಡುವುದು ಬೆಳ್ಳಿ, ತಾಮ್ರಕ್ಕೆ ಎರಡನೆಯ ಸ್ಥಾನ. ಬೆಲೆಗೆ ಕಾರಣ ಅದು. ಮೂರು ಗೆರೆಗಳ ನಾಲ್ಕು ಕಡಿತಗಳನ್ನು ಮುಚ್ಚಿದ ಮೇಲೂ ಬಾಟಲಿಯಲ್ಲಿ ಅರ್ಧದಷ್ಟು ಉಳಿದದ್ದರಿಂದ ಪ್ರಮಾಣದ ಬಗ್ಗೆ ಈಗ ನನ್ನ ದೂರಿಲ್ಲ. ಕುಂಚದ ಬಗ್ಗೆ ಇದೆ. ಒಂದು ಮಿಲಿಮೀಟರ್ ಅಗಲದ ಗೆರೆಗೆ ಮೂರು ಮಿಲಿಮೀಟರಿನ ಕುಂಚ ಕೊಟ್ಟಿದ್ದಾರೆ, ಅದೂ ಒರಟು. ನಾನು ಮಗಳ ಚಿತ್ರಕಲೆಯ ಡಬ್ಬಿಯಿಂದ ಸೊನ್ನೆ ನಂಬರಿನ ಕುಂಚ ತೆಗೆದುಕೊಂಡೆ. ಸೀಳಿರುವ ಅಂಟುಪಟ್ಟಿಯೂ ನನ್ನ ಗೆರೆಗಿಂತ ಅಗಲವಾಗಿತ್ತು. ಅದರ ಕಥೆ ಮುಂದೆ ಬರುತ್ತದೆ.

ಕಿಟ್‌ನ ಚೀಟಿ ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಕೆಲಸವೇ ವಾಸ್ತವದಲ್ಲಿ ಮುಕ್ಕಾಲು ಪಾಲು ಕೆಲಸ, ಎಂದರೆ ಕಡಿದ ಜಾಗವನ್ನು ಹುಡುಕುವುದು. ಯಾವ ಗೆರೆ ಸತ್ತಿದೆ ಎಂಬುದು ಮಬ್ಬಿನಿಂದಲೇ ತಿಳಿಯುತ್ತದೆ. ಆ ಗೆರೆಯಲ್ಲಿ, ಒಂದು ಮೀಟರಿಗೂ ಉದ್ದವಿರುವ ಹಾದಿಯಲ್ಲಿ, ಕೂದಲೆಳೆಯಷ್ಟು ಕಡಿತ ಎಲ್ಲಿದೆ ಎಂಬುದು ಬರಿಗಣ್ಣಿಗೆ ಸಿಗುವುದು ಅದೃಷ್ಟವಿದ್ದಾಗ ಮಾತ್ರ. ಇದಕ್ಕೆ ವಿದ್ಯುತ್ ಅಳೆಯುವ ಮಲ್ಟಿಮೀಟರ್ ಬೇಕೇ ಬೇಕು, ಮುನ್ನೂರು ನಾನ್ನೂರು ರೂಪಾಯಿಯದ್ದಾದರೂ ಸಾಕು. ಮೀಟರಿನ ಮೊನಚು ಕಡ್ಡಿಯನ್ನು ನೇರವಾಗಿ ಗೆರೆಗೆ ಒತ್ತಿದರೆ ಅದೇ ಹೊಸ ಗೀರು ಮಾಡೀತು. ಅದರ ತುದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಸುತ್ತಿ ಕಡಲೆಕಾಳಿನಷ್ಟು ಉಂಡೆ ಮಾಡಿಕೊಂಡೆ. ಎಂಜಿನ್ ಚಾಲೂ ಇಟ್ಟು, ಡಿಫಾಗರ್ ಒತ್ತಿ, ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಡಿಕ್ಕಿಯ ಬಣ್ಣವಿಲ್ಲದ ಬೋಲ್ಟಿಗೆ ಕಚ್ಚಿಸಿ, ಫಾಯಿಲಿನ ಉಂಡೆಯನ್ನು ಪಾಸಿಟಿವ್ ಬದಿಯಿಂದ ಗೆರೆಯ ಮೇಲೆ ಅಂಗುಲ ಅಂಗುಲವಾಗಿ ಸರಿಸುತ್ತ ಹೋಗಬೇಕು. ಜೀವವಿರುವ ಗೆರೆಯಲ್ಲಿ ಅಂಕಿ ಮೆಲ್ಲಗೆ ಇಳಿಯುತ್ತದೆ: ಅಂಚಿನಲ್ಲಿ 13.6, ನಡುವೆ ಹೆಚ್ಚುಕಡಿಮೆ ಅದರ ಅರ್ಧ, ಆಚೆ ಅಂಚಿನಲ್ಲಿ ಸೊನ್ನೆಯ ಹತ್ತಿರ. ಸತ್ತ ಗೆರೆಯಲ್ಲಿ ಇಳಿಯುವುದೇ ಇಲ್ಲ. 13.6, 13.6, 13.6 ಎಂದು ನಿಂತಲ್ಲೇ ನಿಂತು, ಒಂದು ಕೂದಲೆಳೆ ದಾಟಿದ್ದೇ ತಡ, 0.0. ಉಂಡೆಯನ್ನು ಹಿಂದೆ ಸರಿಸಿದರೆ ಮತ್ತೆ 13.6. ಆ ಜಾಗಕ್ಕೆ ಭೂತಗನ್ನಡಿ ಹಿಡಿದಾಗ ಮಾತ್ರ ಕಂಡಿತು, ಕಂದು ಗೆರೆಯ ಮೇಲೆ ಓರೆಯಾಗಿ ಹಾಯ್ದುಹೋದ ಬಿಳಿಯ ನೂಲಿನಂಥ ಗೀರು. ಹೊರಗಿನಿಂದ ಗಾಜಿನ ಮೇಲೆ ಮಾರ್ಕರಿನಲ್ಲಿ ಒಂದು ಬಾಣ ಬರೆದಿಟ್ಟೆ. ಒಳಗಿನಿಂದ ಬರೆದರೆ ಒರೆಸುವಾಗ ಅಳಿಸಿಹೋಗುತ್ತದೆ. ಡಿಫಾಗರಿಗೆ ಟೈಮರ್ ಇರುವುದರಿಂದ ಹತ್ತು ನಿಮಿಷಕ್ಕೊಮ್ಮೆ ತಾನೇ ಆರಿಹೋಗುತ್ತದೆ. ಅಂಕಿ ಏಕಾಏಕಿ ಎಲ್ಲೆಡೆ ಸೊನ್ನೆಯಾದರೆ ಗಾಬರಿಪಡದೆ ಸ್ವಿಚ್ ಮತ್ತೆ ಒತ್ತಬೇಕು. ಎಂಜಿನ್ ಆರಿಸಿಟ್ಟು ಇದನ್ನು ಮಾಡಿದರೆ ಬ್ಯಾಟರಿ ಇಳಿಯುವುದು ಖಂಡಿತ.

ಮೂರನೆಯ ಗೆರೆ ನನ್ನನ್ನು ಸತಾಯಿಸಿತು. ಕಡಿತ ಸಿಕ್ಕಿತು, ಮುಚ್ಚಿದೆ, ಆರಿತು, ಆದರೂ ಗೆರೆಗೆ ಜೀವ ಬರಲಿಲ್ಲ. ಬಣ್ಣವನ್ನೇ ಬೈದುಕೊಂಡೆ. ಆಮೇಲೆ ಹೊಳೆದದ್ದು, ಒಂದೇ ಗೆರೆಯಲ್ಲಿ ಎರಡು ಕಡಿತಗಳಿದ್ದರೆ ವೋಲ್ಟ್ ನೋಡಿ ಕಂಡುಹಿಡಿಯುವ ಕ್ರಮದಲ್ಲಿ ಪಾಸಿಟಿವ್ ಬದಿಯ ಮೊದಲ ಕಡಿತ ಮಾತ್ರ ಸಿಗುತ್ತದೆ, ಏಕೆಂದರೆ ಅದರಾಚೆ ಎಲ್ಲವೂ ಸೊನ್ನೆಯೇ. ಎರಡನೆಯದನ್ನು ಹಿಡಿಯಲು, ಮೊದಲನೆಯದನ್ನು ಮುಚ್ಚುವ ಮುಂಚೆಯೇ, ಸ್ವಿಚ್ ಆರಿಸಿ, ಮೀಟರನ್ನು ಓಮ್‌ಗೆ (ಪ್ರತಿರೋಧ, ಎಂದರೆ ವಿದ್ಯುತ್ತಿನ ಹರಿವಿಗೆ ಇರುವ ತಡೆ ಅಳೆಯುವ ಗುರುತಿಗೆ) ತಿರುಗಿಸಿ, ಅರ್ತ್ ಬದಿಯ ಪಟ್ಟಿಯಿಂದ ಗೆರೆಯ ಮೇಲೆ ಇತ್ತ ಸರಿಯುತ್ತ ಬರಬೇಕು. ಅಂಕಿ ಸ್ವಲ್ಪಸ್ವಲ್ಪವೇ ಏರುತ್ತ ಬಂದು, ಕಡಿತ ದಾಟಿದೊಡನೆ ಮೀಟರ್ ದಾರಿಯೇ ಇಲ್ಲವೆಂದು ತೋರಿಸುತ್ತದೆ. ಎರಡನೆಯ ಗೀರು ಗಾಜಿನ ಅಂಚಿನಿಂದ ಗೇಣಿನಷ್ಟು ದೂರದಲ್ಲಿ, ಸ್ಪೀಕರ್ ಹಲಗೆಯ ಮರೆಯಲ್ಲಿತ್ತು. ಎಲ್ಲ ಗೆರೆಗಳನ್ನೂ ಎರಡೂ ಬದಿಗಳಿಂದ ಪರೀಕ್ಷಿಸಿದ ಮೇಲೆಯೇ ಬಾಟಲಿಯ ಮುಚ್ಚಳ ತೆರೆಯಬೇಕು ಎಂಬುದನ್ನು ಕಿಟ್‌ನ ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ನನ್ನ ಎರಡು ದಿನ ಉಳಿಯುತ್ತಿತ್ತು. ಹಾಗೆಯೇ ಇನ್ನೊಂದು ಮಾತು: ಕೆಲವು ಕಾರುಗಳಲ್ಲಿ ಗಾಜಿನ ಮೇಲ್ಭಾಗದ ಒಂದೆರಡು ಗೆರೆಗಳು ರೇಡಿಯೋದ ಆಂಟೆನಾ ಆಗಿರುತ್ತವೆ. ಅವು ಬಿಸಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವುಗಳಲ್ಲಿ ಕಡಿತ ಹುಡುಕುತ್ತ ಕೂರಬಾರದು.

ಸ್ವಚ್ಛಗೊಳಿಸುವುದು ಸುಲಭ, ಆದರೆ ಸೋಮಾರಿತನ ಸಲ್ಲದು. ಹನ್ನೆರಡು ವರ್ಷ ಹಳೆಯ ಗೋಂದಿನ ಪಸೆ ಗೆರೆಯ ಇಕ್ಕೆಲಗಳಲ್ಲಿಯೂ ಇತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯನ್ನು ಗೆರೆಯ ಉದ್ದಕ್ಕೆ ಎಳೆದು ಒರೆಸಿದೆ, ಅಡ್ಡಕ್ಕೆ ಅಲ್ಲ. ಹತ್ತಿ ಕಂದಾಗುವುದು ನಿಂತ ಮೇಲೆ ಇನ್ನೊಂದು ಸಲ. ಬಣ್ಣ ಹಿಡಿಯಬೇಕಾದದ್ದು ಕಡಿತದ ಮೇಲೆ ಮಾತ್ರವಲ್ಲ. ಎರಡೂ ಬದಿಗಳ ಒಳ್ಳೆಯ ಗೆರೆಯ ಮೇಲೆಯೂ ಅರ್ಧ ಸೆಂಟಿಮೀಟರಿನಷ್ಟು ಚಾಚಿ ಕೂರಬೇಕು, ಬಟ್ಟೆಯ ತೇಪೆ ಹರಿದ ಬಾಯಿಗಿಂತ ದೊಡ್ಡದಿರುವ ಹಾಗೆ. ಕಿಟ್‌ನ ಸೀಳುಪಟ್ಟಿಯ ಸೀಳು ಅಗಲವಾಗಿದ್ದರಿಂದ ಅದನ್ನು ಬದಿಗಿಟ್ಟು, ವೈರಿಂಗ್‌ಗೆ ಸುತ್ತುವ ಕಪ್ಪು ಇನ್ಸುಲೇಷನ್ ಟೇಪನ್ನು ಗೆರೆಯ ಮೇಲ್ಬದಿಗೆ ಒಂದು, ಕೆಳಬದಿಗೆ ಒಂದು ಅಂಟಿಸಿದೆ. ಪೇಂಟರುಗಳು ಬಳಸುವ ಕಾಗದದ ಟೇಪಿನ ಅಂಚಿನಡಿ ಬಣ್ಣ ನುಸುಳುತ್ತದೆ. ಇನ್ಸುಲೇಷನ್ ಟೇಪಿನ ಅಂಚು ಗಾಜಿಗೆ ಕಚ್ಚಿ ಕೂರುತ್ತದೆ.

ಬಣ್ಣ ಬಳಿಯುವಾಗ ಆದ ಮೊದಲ ತಪ್ಪು ನನ್ನದೇ. ಬಾಟಲಿಯನ್ನು ನಾಲ್ಕು ಸಲ ಅಲ್ಲಾಡಿಸಿ ಮುಚ್ಚಳ ತೆಗೆದೆ. ಬೆಳ್ಳಿ ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಭಾರದ ಲೋಹ, ಅದು ಬಾಟಲಿಯ ತಳದಲ್ಲಿ ಮೊಸರಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಮೇಲಿರುವುದು ಬರಿಯ ಅಂಟು. ಆ ಅಂಟನ್ನೇ ನಾನು ಶ್ರದ್ಧೆಯಿಂದ ಬಳಿದಿದ್ದೆ. ಮಾರನೆಯ ದಿನ ನೋಡಿದರೆ ಬೂದಿಯ ಬಣ್ಣದ ತೆಳುಪೊರೆ, ಮೀಟರಿಗೆ ಜಗ್ಗಲಿಲ್ಲ. ಅದನ್ನು ಆಲ್ಕೊಹಾಲಿನಿಂದ ಒರೆಸಿ ತೆಗೆದು, ಈ ಸಲ ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿ, ಬೆಂಕಿಕಡ್ಡಿಯಿಂದ ತಳ ಕದಡಿ, ದ್ರವವೆಲ್ಲ ಒಂದೇ ಸಮನೆ ಪಾದರಸದಂತೆ ಹೊಳೆಯುವವರೆಗೆ ಬಿಡಲಿಲ್ಲ. ಸಣ್ಣ ಕುಂಚದ ತುದಿಯಲ್ಲಿ ಒಂದು ಹನಿ ತೆಗೆದುಕೊಂಡು, ಕಡಿತದ ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ಎಳೆತ. ಹದಿನೈದು ನಿಮಿಷ ಬಿಟ್ಟು ಎರಡನೆಯ ಪದರ, ಮತ್ತೆ ಅಷ್ಟೇ ಬಿಟ್ಟು ಮೂರನೆಯದು. ಹಸಿ ಬಣ್ಣದ ಮೇಲೆ ಮತ್ತೆ ಮತ್ತೆ ಕುಂಚ ಆಡಿಸಿದರೆ ಕೆಳಗಿನ ಪದರವೇ ಎದ್ದು ಬರುತ್ತದೆ. ಟೇಪನ್ನು ಬಣ್ಣ ಅರ್ಧ ಆರಿದಾಗಲೇ, ಗಾಜಿಗೆ ಒರಗಿಸಿದ ಹಾಗೆ ಹಿಂದಕ್ಕೆ ಮಡಿಚಿ ಎಳೆಯಬೇಕು. ಪೂರ್ತಿ ಆರಲು ಬಿಟ್ಟರೆ ಟೇಪಿನೊಡನೆ ತೇಪೆಯ ಅಂಚೂ ಕಿತ್ತು ಬರುತ್ತದೆ.

ಚೀಟಿಯ ಪ್ರಕಾರ 24 ಗಂಟೆ ಮುಟ್ಟಬಾರದು. ಮಡಿಕೇರಿಯ ಜುಲೈ ತಿಂಗಳಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಇಲ್ಲಿ ತೊಳೆದ ಬಟ್ಟೆಯೇ ಮೂರು ದಿನಕ್ಕೆ ಒಣಗುವುದಿಲ್ಲ. ನಾನು ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿ, ಹಿಂದಿನ ಸೀಟಿನ ಮೇಲೆ ನೂರು ವ್ಯಾಟಿನ ಹಳೆಯ ಬಲ್ಬೊಂದನ್ನು ಗಾಜಿನಿಂದ ಒಂದಡಿ ದೂರಕ್ಕೆ ತೂಗುಹಾಕಿ, ಎರಡು ದಿನ ಬಿಟ್ಟೆ. ಒದ್ದೆ ಹವೆಯಲ್ಲಿ ಅವಸರಪಟ್ಟು ಸ್ವಿಚ್ ಒತ್ತಿದರೆ ದ್ರಾವಕ ಕುದಿದು ತೇಪೆಯಲ್ಲಿ ಗುಳ್ಳೆಗಳೇಳುತ್ತವೆ. ಸಾಧ್ಯವಿರುವವರು ಈ ಕೆಲಸವನ್ನು ಮಾರ್ಚ್, ಏಪ್ರಿಲಿನಲ್ಲಿಯೇ ಮುಗಿಸಿಕೊಳ್ಳುವುದು ಒಳ್ಳೆಯದು. ನೆನಪಾಗುವುದು ಮಾತ್ರ ಮಳೆ ಶುರುವಾದ ಮೇಲೆಯೇ.

ಮೂರನೆಯ ದಿನ ಬೆಳಗ್ಗೆ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಮುಚ್ಚಿ, ಪಾತ್ರೆಯಲ್ಲಿ ಬಿಸಿನೀರಿಟ್ಟು ಗಾಜನ್ನು ಬೇಕೆಂದೇ ಮಬ್ಬು ಮಾಡಿಸಿದೆ. ಸ್ವಿಚ್ ಒತ್ತಿದ ಒಂದೂವರೆ ನಿಮಿಷಕ್ಕೆ ಮೇಲಿನ ಗೆರೆಗಳ ಗುಂಟ ತಿಳಿ ಎಳೆಗಳು ಮೂಡತೊಡಗಿದವು. "ಅಪ್ಪಾ, ನಡುವಿಂದೂ ಬರ್ತಾ ಇದೆ" ಎಂದು ಒಳಗಿನಿಂದ ಕೂಗಿದಳು. ನಾಲ್ಕು ನಿಮಿಷಕ್ಕೆ ಗಾಜು ಪೂರ್ತಿ ತಿಳಿಯಾಯಿತು. ಹತ್ತಿರ ಹೋಗಿ ನೋಡಿದಾಗ ತೇಪೆಗಳ ಮೇಲೆ ಮಾತ್ರ ಅಕ್ಕಿಕಾಳಿನಷ್ಟು ಮಬ್ಬಿನ ಚುಕ್ಕೆಗಳು ಉಳಿದಿದ್ದವು, ಅವೂ ಇನ್ನೊಂದು ನಿಮಿಷಕ್ಕೆ ಕರಗಿದವು. ಕಾರಣ ಸರಳ: ತೇಪೆ ಗೆರೆಗಿಂತ ದಪ್ಪ ಮತ್ತು ಅಗಲ, ಅದರಲ್ಲಿ ಪ್ರತಿರೋಧ ಕಡಿಮೆ, ಆದ್ದರಿಂದ ಅಲ್ಲಿ ಬಿಸಿಯೂ ಕಡಿಮೆ. ಇದು ದೋಷವಲ್ಲ, ತೇಪೆ ಸರಿಯಾಗಿ ಕೂತಿದೆ ಎಂಬುದಕ್ಕೆ ಗುರುತು. ತೇಪೆಯೇ ಉಳಿದ ಗೆರೆಗಿಂತ ಮೊದಲು ತಿಳಿಯಾದರೆ ಆಗ ಚಿಂತಿಸಬೇಕು.

ಆ ಚಿಂತೆಯನ್ನು ಹುಟ್ಟಿಸುವುದು ಅಗ್ಗದ ಬಾಟಲಿ. ಅದನ್ನು ನೇರವಾಗಿ ಕಾರಿನ ಮೇಲೆ ಪ್ರಯೋಗಿಸುವ ಧೈರ್ಯ ಬರಲಿಲ್ಲ. ಹಳೆಯ ಫೋಟೋ ಫ್ರೇಮಿನ ಗಾಜಿನ ಮೇಲೆ ಎರಡೂ ಬಣ್ಣಗಳಿಂದ ಒಂದು ಸೆಂಟಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲದ ಗೆರೆಗಳನ್ನು ಮೂರು ಮೂರು ಪದರ ಎಳೆದು, ಒಣಗಿಸಿ, ಅಳೆದೆ. ದುಬಾರಿ ಬಣ್ಣದ ಗೆರೆ ಒಂದು ಓಮ್‌ಗಿಂತ ಕಡಿಮೆ ತೋರಿಸಿತು, ಕಂದುಗೆಂಪಾದ ಅಗ್ಗದ ಬಣ್ಣ 9 ಓಮ್. ಒಂಬತ್ತು ಓಮ್ ಎಂದರೆ ದೊಡ್ಡದೇನಲ್ಲ ಎನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಇಡೀ ಡಿಫಾಗರ್ 12 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ 12 ಗೆರೆಗಳಲ್ಲಿ ಒಂದೊಂದಕ್ಕೆ ಒಂದು ಆಂಪಿಯರ್. 12 ವೋಲ್ಟಿನಲ್ಲಿ ಒಂದು ಗೆರೆಯ ಪ್ರತಿರೋಧ 12 ಓಮ್, ಅದರಿಂದ ಹೊರಡುವ ಶಾಖ 12 ವ್ಯಾಟ್, ಅದೂ ಒಂದು ಮೀಟರ್ ಉದ್ದಕ್ಕೆ ಹಂಚಿಹೋಗುವಂಥದ್ದು. ಅದೇ ಗೆರೆಯ ನಡುವೆ 9 ಓಮ್‌ನ ತೇಪೆ ಕೂತರೆ ಒಟ್ಟು 21 ಓಮ್. ಹರಿವು ಅರ್ಧ ಆಂಪಿಯರಿನ ಆಸುಪಾಸಿಗೆ ಇಳಿಯುತ್ತದೆ, ಗೆರೆಯ ಉಳಿದ ಭಾಗಕ್ಕೆ ಸಿಗುವ ಶಾಖ ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ, ಮತ್ತು ಸುಮಾರು ಮೂರು ವ್ಯಾಟ್ ಆ ಒಂದು ಸೆಂಟಿಮೀಟರ್ ತೇಪೆಯಲ್ಲಿಯೇ ಕುದಿಯುತ್ತದೆ. ಒಳ್ಳೆಯ ಗೆರೆಯ ಒಂದು ಸೆಂಟಿಮೀಟರಿಗೆ ಸಿಗುವುದು 0.12 ವ್ಯಾಟ್ ಮಾತ್ರ. ಅಂಥ ತೇಪೆ ನಾಲ್ಕು ದಿನ ಕೆಲಸ ಮಾಡಿದಂತೆ ಕಂಡು ಕರಕಲಾಗುವುದರಲ್ಲಿ ಆಶ್ಚರ್ಯವಿಲ್ಲ. 910 ರೂಪಾಯಿ ಉಳಿಸುವ ಆಸೆಗೆ ಗಾಜಿನ ಮೇಲೆ ಕಪ್ಪು ಕಲೆ ಮಾಡಿಕೊಳ್ಳುವುದು ಬೇಡ. ಕೊಳ್ಳುವ ಮೊದಲು ಒಳಗಿರುವುದು ಬೆಳ್ಳಿಯೋ, ತಾಮ್ರವೋ, ಗ್ರಾಫೈಟೋ ಎಂಬುದನ್ನು ವಿವರದಲ್ಲಿ ಹುಡುಕಿ ಓದಬೇಕು. ಬರೆದಿಲ್ಲವಾದರೆ ಬೆಳ್ಳಿಯಲ್ಲವೆಂದೇ ತಿಳಿಯಬೇಕು.

ದುಬಾರಿ ಕಿಟ್‌ಗೂ ಮಿತಿ ಇದೆ. ನನ್ನ ಎರಡನೆಯ ಗೆರೆಯಲ್ಲಿ ಕಡಿತಕ್ಕಿಂತ ಹೆಚ್ಚಾಗಿ ಸವೆತವಿತ್ತು. ಬ್ಲೇಡು ಸುಮಾರು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಗೆರೆಯನ್ನು ಹೆರೆದುಹಾಕಿತ್ತು. ಚೀಟಿಯಲ್ಲಿ ಒಂದಂಗುಲಕ್ಕಿಂತ ಉದ್ದದ ಕಡಿತಕ್ಕೆ ಬಳಸಬಾರದೆಂದಿದೆ. ಆದದ್ದಾಗಲಿ ಎಂದು ನಾಲ್ಕು ಪದರ ಬಳಿದೆ. ಆ ವರ್ಷದ ಮಳೆಗಾಲವನ್ನು ಅದು ಹೇಗೋ ದೂಡಿತು. ಡಿಸೆಂಬರಿನಲ್ಲಿ ಡಿಕ್ಕಿಗೆ ಕಾಫಿಯ ಚೀಲ ತುಂಬುವಾಗ ಗೋಣಿಯ ಮೂಲೆ ಉಜ್ಜಿ ಉದುರಿಹೋಯಿತು. ಕುಲುಮೆಯಲ್ಲಿ ಗಾಜಿನೊಡನೆ ಬೆಂದ ಗೆರೆಗೂ, ತಣ್ಣಗೆ ಒಣಗಿದ ಬಣ್ಣಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತದೆ. ಉಗುರಿನಿಂದ ಕೆರೆದರೂ ಈ ತೇಪೆ ಏಳುತ್ತದೆ. ಈಗ ತೇಪೆಗಳ ಮೇಲೆ ಬಣ್ಣರಹಿತ ಉಗುರುಬಣ್ಣದ ಒಂದು ಪದರ ಹಚ್ಚಿದ್ದೇನೆ, ಇದು ಕಿಟ್‌ನವರು ಹೇಳಿದ್ದಲ್ಲ, ನನ್ನದೇ ಉಪಾಯ, ಇದುವರೆಗೆ ತೊಂದರೆಯಾಗಿಲ್ಲ. ಗಾಜನ್ನು ಒರೆಸುವುದು ಗೆರೆಯ ಉದ್ದಕ್ಕೆ ಮಾತ್ರ, ಅದೂ ಉಂಗುರ ತೆಗೆದಿಟ್ಟು.

ಅಂಚಿನ ಪಟ್ಟಿಗೆ ವೈರು ಸಿಕ್ಕಿಸುವ ಲೋಹದ ಟ್ಯಾಬ್ ಕಳಚಿ ಬಿದ್ದರೆ ಈ ಬಣ್ಣದಿಂದ ಅಂಟಿಸಲು ಹೋಗಬಾರದು. ಆ ಒಂದೇ ಜಾಗದಲ್ಲಿ ಎಲ್ಲ ಗೆರೆಗಳ ವಿದ್ಯುತ್ತೂ ಒಟ್ಟಾಗಿ ಹಾಯಬೇಕು, ಜೊತೆಗೆ ವೈರಿನ ಎಳೆತ ಬೇರೆ. ನಮ್ಮ ನೆರೆಯವರೊಬ್ಬರು ಅದನ್ನು ಕ್ಷಣದಲ್ಲಿ ಹಿಡಿಯುವ ಗೋಂದಿನಿಂದ ಅಂಟಿಸಿದರು. ಟ್ಯಾಬ್ ಬಿಗಿಯಾಗಿ ಕೂತಿತು, ವಿದ್ಯುತ್ ಮಾತ್ರ ಹರಿಯಲಿಲ್ಲ, ಏಕೆಂದರೆ ಆ ಗೋಂದು ವಿದ್ಯುತ್ತಿಗೆ ಗೋಡೆ. ಅದಕ್ಕೆ ವಿದ್ಯುತ್ ಹರಿಸುವ ಎಪಾಕ್ಸಿ ಅಂಟು ಬೇರೆಯಾಗಿ ಸಿಗುತ್ತದೆ. ಬೆಸುಗೆ ಹಾಕುವುದಾದರೆ ರೇಡಿಯೋ ರಿಪೇರಿಯ ಸಾಮಾನ್ಯ ತವರ-ಸೀಸದ ಬೆಸುಗೆ ತಂತಿಯನ್ನು ಬಳಸಿದರೆ, ಕರಗಿದ ತವರ ಗಾಜಿನ ಮೇಲಿನ ಬೆಳ್ಳಿಯನ್ನೇ ನುಂಗಿಬಿಡುತ್ತದೆ. 62 ಭಾಗ ತವರ, 36 ಭಾಗ ಸೀಸ, 2 ಭಾಗ ಬೆಳ್ಳಿ ಇರುವ ಬೆಸುಗೆ ತಂತಿ ಬೇಕು, ಕೈಯೂ ಚುರುಕಾಗಿರಬೇಕು. ಒಂದೇ ಕಡೆ ಹೆಚ್ಚು ಹೊತ್ತು ಕಾಯಿಸಿದರೆ ಟೆಂಪರ್ ಮಾಡಿದ ಗಾಜು ಪುಡಿಪುಡಿಯಾಗುವ ಅಪಾಯವಿದೆ. ಅಭ್ಯಾಸವಿಲ್ಲದವರು ಎಪಾಕ್ಸಿಯನ್ನೇ ಆರಿಸಿಕೊಳ್ಳಲಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಕುಂಚಕ್ಕೆ, ಸೀಳುಪಟ್ಟಿಗೆ, ಮತ್ತು ಹುಡುಕುವ ಕ್ರಮವನ್ನು ಸರಿಯಾಗಿ ಹೇಳದ ಚೀಟಿಗೆ. ಮಲೆನಾಡು, ಕೊಡಗು, ಊಟಿಯ ಕಡೆ ಕಾರು ಓಡಿಸುವವರಿಗೆ, ಕಡಿತ ಸಣ್ಣದಿದ್ದು ಕೈಯಲ್ಲಿ ಮಲ್ಟಿಮೀಟರ್ ಹಿಡಿಯುವ ತಾಳ್ಮೆಯಿದ್ದರೆ, ಇದು ಒಳ್ಳೆಯ ಸರಕು. ಅರ್ಧ ಗಾಜೇ ಹೆರೆದುಹೋಗಿದ್ದರೆ ಗ್ಯಾರೇಜಿನವರ ಮಾತೇ ಸರಿ. ನನ್ನ ಎರಡು ಗೆರೆಗಳ ಮೂರು ತೇಪೆಗಳು ಎರಡು ಮಳೆಗಾಲ ಕಳೆದು ಇನ್ನೂ ಜೀವ ಹಿಡಿದಿವೆ. ಕಾಫಿ ಚೀಲ ಉಜ್ಜಿದ ಗೆರೆಗೆ ಉಳಿದ ಬಣ್ಣವನ್ನೇ ಬಳಿಯೋಣವೆಂದು ಮೊನ್ನೆ ಬಾಟಲಿ ತೆಗೆದರೆ, ಮುಚ್ಚಳ ಬಿಗಿಯಾಗಿದ್ದರೂ ಒಳಗೆಲ್ಲ ಒಣಗಿ ಬೆಳ್ಳಿಯ ಗಟ್ಟಿಯಾಗಿತ್ತು. ತೆರೆದ ಬಾಟಲಿಯನ್ನು ಮುಂದಿನ ವರ್ಷಕ್ಕೆಂದು ಎತ್ತಿಡುವ ಯೋಚನೆ ಬೇಡ. ನೆರೆಹೊರೆಯಲ್ಲಿ ಯಾರ ಕಾರಿನ ಗೆರೆಯಾದರೂ ಕಡಿದಿದ್ದರೆ ಅದೇ ವಾರ ಕೊಟ್ಟುಬಿಡಿ.